ಇನ್ನೊಬ್ಬರ ಫಾರಂ ತುಂಬುವವನು

ಕಳೆದ ಶನಿವಾರ ಬೆಳಿಗ್ಗೆ ಛತ್ರಿ ಹುಡುಕಲೆಂದು ಅಟ್ಟದ ಮೇಲಿನ ಡಬ್ಬಗಳನ್ನು ಒಂದೊಂದಾಗಿ ಕೆಳಗಿಳಿಸುತ್ತಿದ್ದೆ. ಛತ್ರಿ ಸಿಗಲಿಲ್ಲ. ಒಂದು ಹಳೆಯ ರಟ್ಟಿನ ಪ್ಯಾಡು ಸಿಕ್ಕಿತು. ಪರೀಕ್ಷೆಗೆ ಹೋಗುವ ಮಕ್ಕಳು ಹಿಡಿದುಕೊಳ್ಳುತ್ತಾರಲ್ಲ, ಮೇಲೆ ಕ್ಲಿಪ್ಪಿರುವಂಥದ್ದು. ಕ್ಲಿಪ್ಪಿಗೆ ತುಕ್ಕು ಹಿಡಿದಿತ್ತು. ಧೂಳು ಊದಲೆಂದು ಮುಖದ ಹತ್ತಿರ ತಂದರೆ ಒಣಶುಂಠಿಯ ಘಾಟು! ಹತ್ತು ವರ್ಷದ ಹಿಂದೆ ಮಟ್ಟಾಂಚೇರಿಯ ಒಂದು ಗೋದಾಮಿನ ಮುಂದೆ, ಶುಂಠಿ ಮೂಟೆಯ ಮೇಲೆ ಇದನ್ನಿಟ್ಟುಕೊಂಡು ಬರೆದವನು ನಾನು. ಅಷ್ಟು ವರ್ಷ ಅಟ್ಟದಲ್ಲಿ ಬಿದ್ದಿದ್ದರೂ ರಟ್ಟು ಆ ವಾಸನೆಯನ್ನು ಬಿಟ್ಟುಕೊಟ್ಟಿರಲಿಲ್ಲ. ನಾನು ಏಣಿಯ ಮೇಲೆಯೇ ಕೂತುಬಿಟ್ಟೆ.

ನನಗೆ ಅವತ್ತು ಕೂರುವಷ್ಟು ಪುರುಸೊತ್ತೇನೂ ಇರಲಿಲ್ಲ. ಹಿಂದಿನ ದಿನ ತಿರುವನಂತಪುರದಿಂದ ಮಗಳು ಮೇಘನಾ ಫೋನ್ ಮಾಡಿ, "ಅಪ್ಪ, ನಾಳೆ ಬಾ, ಒಂದು ವಿಷಯ ಎದುರಿಗೆ ಕೂತೇ ಮಾತಾಡಬೇಕು" ಅಂದಿದ್ದಳು. ಅವಳಿಗೆ ಇಪ್ಪತ್ತೈದು ವರ್ಷ. ಸಮಾಜಶಾಸ್ತ್ರದಲ್ಲಿ ಎಂ.ಎ. ಮಾಡಿ ಅಲ್ಲೇ ಒಂದು ಸಂಶೋಧನಾ ಪ್ರಾಜೆಕ್ಟಿನಲ್ಲಿದ್ದಾಳೆ. ಇಪ್ಪತ್ತೈದರ ಮಗಳು ಎದುರಿಗೆ ಕೂತು ಮಾತಾಡಬೇಕು ಎಂದರೆ ಏನಿರಬಹುದು, ನೀವೇ ಹೇಳಿ. ನಾನು ಆಗಲೇ ಮನಸ್ಸಿನಲ್ಲಿ ಮದುವೆಯನ್ನೇ ಮಾಡಿ ಮುಗಿಸಿದ್ದೆ. ಹುಡುಗ ಮಲಯಾಳಿ, ಕೊಲ್ಲಂ ಕಡೆಯವನು, ಊಟಕ್ಕೆ ಎರಡು ಬಗೆಯ ಪಾಯಸ ಎನ್ನುವವರೆಗೂ ಹೋಗಿದ್ದೆ. ಹೆಂಡತಿ ಉಮಾ ಏಣಿಯ ಕೆಳಗೆ ನಿಂತು, "ರೀ, ಇಳೀರಿ, ರೈಲು ತಪ್ಪುತ್ತೆ. ಅವಳು ಬಾಯಿ ಬಿಡೋ ಮುಂಚೆ ನೀವೇ ಉತ್ತರ ಹೇಳಿಬಿಡಬೇಡಿ ಮತ್ತೆ" ಎಂದಳು. ನನ್ನ ಚರಿತ್ರೆಯನ್ನು ಇದಕ್ಕಿಂತ ಚಿಕ್ಕದಾಗಿ ಯಾರೂ ಹೇಳಲಾರರು.

ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದವನು ನಾನು. ಮೈಸೂರಿನಲ್ಲಿ ಹಾಯಾಗಿದ್ದವನಿಗೆ ಪ್ರಮೋಷನ್ ಕೊಟ್ಟು ಕೊಚ್ಚಿಗೆ ಕಳಿಸಿದರು. ಆಗ ಮೇಘನಾ ಇನ್ನೂ ಅಂಬೆಗಾಲಿಡುತ್ತಿದ್ದಳು. ಪಾಲಾರಿವಟ್ಟಂನಲ್ಲಿ ಮನೆ ಮಾಡಿದೆವು. ಕೌಂಟರಿನಲ್ಲಿ ನನ್ನದೊಂದು ಖ್ಯಾತಿಯಿತ್ತು. ಯಾರಾದರೂ ಫಾರಂ ಹಿಡಿದು ತಬ್ಬಿಬ್ಬಾಗಿ ನಿಂತಿದ್ದರೆ ಅದನ್ನು ನಾನೇ ಈಸಿಕೊಂಡು, ಹೆಸರು, ವಿಳಾಸ, ಎಲ್ಲ ಪಟಪಟನೆ ತುಂಬಿ, ಸಹಿ ಹಾಕುವ ಜಾಗದಲ್ಲಿ ಪೆನ್ಸಿಲಿನಿಂದ ಒಂದು ಗುಣಾಕಾರದ ಚಿಹ್ನೆ ಹಾಕಿ ಮುಂದೆ ತಳ್ಳುತ್ತಿದ್ದೆ. ಜನ ಕೈ ಮುಗಿಯುತ್ತಿದ್ದರು. ಇದು ಪರೋಪಕಾರವೆಂದೇ ನಾನು ತಿಳಿದಿದ್ದೆ. ನನ್ನಂಥ ಬ್ಯಾಂಕಿನವರೆಲ್ಲ ಹಾಗೇ ತಿಳಿದಿರುತ್ತಾರೆ. ಎದುರಿಗಿರುವವರು ಏನು ಹೇಳಬಹುದು ಎಂಬುದು ನಮಗೆ ಅವರಿಗಿಂತ ಮೊದಲೇ ಗೊತ್ತಿರುತ್ತದೆ.

ಅಣ್ಣಮ್ಮ ಟೀಚರ್ ನನ್ನನ್ನು ಮೊದಲು ನೋಡಿದ್ದು ಆ ಕೌಂಟರಿನಲ್ಲೇ. ಬೆಂಗಳೂರಿನ ಕಡೆ ಅಣ್ಣಮ್ಮ ಎಂದರೆ ದೇವಿ. ಮನೆಗೆ ಹೋಗಿ ಹೆಸರು ಹೇಳಿದಾಗ ಉಮಾ ಅಭ್ಯಾಸಬಲದಿಂದ ಕೈ ಮುಗಿದಿದ್ದಳು. ಈ ಅಣ್ಣಮ್ಮ ಕೋಟ್ಟಯಂ ಕಡೆಯ ಕ್ರಿಶ್ಚಿಯನ್ ಹೆಂಗಸು, ತಿರುವನಂತಪುರದಲ್ಲಿ ಸಮಾಜಶಾಸ್ತ್ರದ ಪ್ರೊಫೆಸರು. ಕುಳ್ಳಗೆ, ದಪ್ಪ ಕನ್ನಡಕ, ಹೆಗಲಿಗೆ ಬಟ್ಟೆಯ ಚೀಲ. ಶನಿವಾರ ಕಳಮಶ್ಶೇರಿಯಲ್ಲಿದ್ದ ತಂಗಿಯ ಮನೆಗೆ ಬಂದು ಕೊಚ್ಚಿಯಲ್ಲಿ ತಮ್ಮ ಸಂಶೋಧನೆ ಮಾಡುತ್ತಿದ್ದರು. ನಾನು ಫೋನಿನಲ್ಲಿ ಕನ್ನಡ ಮಾತಾಡುವುದನ್ನು ಕೇಳಿದ್ದೇ, ತಮ್ಮ ಸರದಿ ಬಿಟ್ಟು ಎದ್ದು ಬಂದರು.

"ಸಾರೇ, ನೀವು ಕರ್ನಾಟಕದವರಾ? ಎರಡನೇ ಶನಿವಾರ, ನಾಲ್ಕನೇ ಶನಿವಾರ ನಿಮಗೆ ರಜೆ ಅಲ್ಲವಾ? ನನ್ನ ಜೊತೆ ಬರ್ತೀರಾ?"

ಒಬ್ಬ ಗೃಹಸ್ಥನಿಗೆ ಹೀಗೆ ಕೇಳಿದರೆ ಏನು ಹೇಳಬೇಕು? ಹಿಂದೆ ಸಾಲಿನಲ್ಲಿ ನಿಂತಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಆಮೇಲೆ ಟೀಚರ್ ವಿವರಿಸಿದರು. ಅವರು ಮಾತಾಡುವಾಗ ಮಲಯಾಳ, ಇಂಗ್ಲಿಷು ಎರಡೂ ಒಂದನ್ನೊಂದು ತಳ್ಳಿಕೊಂಡು ಬರುತ್ತಿದ್ದವು. "ಕೇರಳದಿಂದ ಹೊರಗೆ ಹೋದವರ ಬಗ್ಗೆ ಎಲ್ಲರೂ ಬರೀತಾರೆ ಸಾರೇ. ಗಲ್ಫಿಗೆ ಹೋದವರು, ನರ್ಸುಗಳು, ಅವರ ಹೆಂಡತಿ ಗಂಡ ಮಕ್ಕಳು, ಎಲ್ಲ ಆಯಿತು. ಇಲ್ಲಿಗೆ ಬಂದವರನ್ನ ಕೂರಿಸಿಕೊಂಡು ಕೇಳಿದವರು ಎಷ್ಟು ಜನ? ನೀವು ಬ್ಯಾಂಕಿನವರು, ತಿರುವನಂತಪುರದ ಬಾಹ್ಯಾಕಾಶ ಕೇಂದ್ರದವರು, ಮಟ್ಟಾಂಚೇರಿಯ ಹಳಬರು. ಬಂದು ಏನಾದಿರಿ ನೀವೆಲ್ಲ?"

ಬಂದು ಏನಾದೆ ನಾನು! ಯಾರೂ ಕೇಳಿರದಿದ್ದ ಪ್ರಶ್ನೆ. ನನ್ನ ಮೈಯೆಲ್ಲ ಜುಮ್ಮೆಂದಿತು. ನಾನು, ಅಂದರೆ ಸೇವಿಂಗ್ಸ್ ಕೌಂಟರಿನ ನಾನು, ಒಂದು ಸಂಶೋಧನೆಯ ವಿಷಯ ಎಂಬ ಹಿಗ್ಗಿನಲ್ಲಿ ಅವತ್ತೇ ಸ್ಟೇಷನರಿ ಅಂಗಡಿಗೆ ಹೋಗಿ ಪ್ಯಾಡು ಕೊಂಡೆ, ಮೂರು ಪೆನ್ನೂ ಕೊಂಡೆ. ಟೀಚರಿಗೆ ಕನ್ನಡ ಬರುತ್ತಿರಲಿಲ್ಲ. ಜನ ಮಲಯಾಳದಲ್ಲಿ ಅಳೆದು ತೂಗಿ ಮಾತಾಡುತ್ತಾರೆ, ತಮ್ಮ ಭಾಷೆಯಲ್ಲಾದರೆ ಮನಸ್ಸು ಬಿಚ್ಚುತ್ತಾರೆ ಎಂದು ಅವರ ನಂಬಿಕೆ. ಅವರು ಪ್ರಶ್ನೆ ಹೇಳುವುದು, ನಾನು ಕನ್ನಡದಲ್ಲಿ ಕೇಳುವುದು, ಉತ್ತರ ಬರೆದುಕೊಳ್ಳುವುದು, ಜೊತೆಗೆ ರೆಕಾರ್ಡರಿನಲ್ಲಿ ಧ್ವನಿಯೂ ಮುದ್ರಣವಾಗುವುದು. ಇದಿಷ್ಟು ನಮ್ಮ ಏರ್ಪಾಡು.

ಮೊದಲು ಹೋಗಿದ್ದು ಮಟ್ಟಾಂಚೇರಿಯ ಪದ್ಮಕ್ಕನ ಮನೆಗೆ. ಪುತ್ತೂರು ಕಡೆಯವರು. ಗಂಡ ಶುಂಠಿ ಗೋದಾಮಿನಲ್ಲಿ ಗುಮಾಸ್ತರಾಗಿ ಬಂದವರು, ತೀರಿಕೊಂಡು ಬಹಳ ವರ್ಷವಾಗಿತ್ತು. ಗೋದಾಮಿನ ಮಾಳಿಗೆಯಲ್ಲೇ ಮನೆ. ನಮ್ಮನ್ನು ಕಂಡು ಕೆಳಗಿಳಿದು ಬಂದು ಮೂಟೆಗಳ ನಡುವೆ ಒಂದು ಬೆಂಚಿನಲ್ಲಿ ಕೂತರು. ವಾಪಸ್ ಊರಿಗೆ ಹೋಗುವ ಆಸೆಯಿದೆಯೇ ಎಂದು ನಾನು ಕೇಳಿದೆ. ಅವರು ಮಾತು ಶುರು ಮಾಡಿದರು, ನಾನು ಪೆನ್ನು ಓಡಿಸಿದೆ. ಸಂಜೆ ಟೀಚರ್ ನನ್ನ ಕಾಗದ ನೋಡಿದರು. "ಹೌದು, ತುಂಬಾ ಆಸೆ ಇದೆ" ಎಂದು ದುಂಡಾದ ಅಕ್ಷರದಲ್ಲಿ ಬರೆದಿತ್ತು.

"ಸಾರೇ, ಆ ಅಮ್ಮಚ್ಚಿ ಇಷ್ಟು ಹೊತ್ತು ಮಾತಾಡಿದರು. ಇಷ್ಟೇನಾ ಹೇಳಿದ್ದು?"

"ಅದರ ಸಾರಾಂಶ ಟೀಚರ್."

ಟೀಚರ್ ರೆಕಾರ್ಡರ್ ಒತ್ತಿದರು. ಪದ್ಮಕ್ಕನ ಧ್ವನಿ ಬಂತು. "ಆಸೆ ಇಲ್ಲ ಅಂತ ಹೇಳ್ಲಿಕ್ಕೆ ಆಗುದಿಲ್ಲ ಮಾರಾಯ್ರೇ. ಆದ್ರೆ ಹೋಗಿ ಎಂತ ಮಾಡುದು? ಅಲ್ಲಿ ನನ್ನ ಗುರ್ತದವರು ಯಾರುಂಟು? ಇಲ್ಲಿ ಆದ್ರೆ ಮೀನಿನವಳು ಸಹ ಹೆಸರು ಹಿಡಿದು ಕರೀತಾಳೆ. ಹೋಗ್ತೇನೆ ಹೋಗ್ತೇನೆ ಅಂತ ಹೇಳ್ತಾ ಇರ್ಬೇಕು, ಅಷ್ಟೇ. ಹೇಳದಿದ್ರೆ ಇವಳಿಗೆ ಊರು ಮರ್ತೇ ಹೋಯ್ತು ಅಂತ ಜನ ಆಡಿಕೊಳ್ತಾರೆ." ಅದನ್ನು ಒಂದೊಂದು ಮಾತಾಗಿ ನನ್ನಿಂದಲೇ ಮಲಯಾಳಕ್ಕೆ ಹೇಳಿಸಿದರು. ಹೇಳುತ್ತಾ ಹೇಳುತ್ತಾ ನನ್ನ ಕಿವಿ ಬಿಸಿಯಾಯಿತು. ನನ್ನ ಕಿವಿಯಿಂದಲೇ ಕೇಳಿದ್ದೆ, ನನ್ನ ಕೈಯಿಂದಲೇ ಬೇರೆ ಬರೆದಿದ್ದೆ. ಕೇಳಿದಾಗಲೇ ಉತ್ತರ ನನಗೆ ಗೊತ್ತಿತ್ತಲ್ಲ, ಅದಕ್ಕೆ.

ಟೀಚರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು. ಅವರಿಗೆ ಖುಷಿಯಾಗಿತ್ತು! "ಎಂಥ ಮಾತು ಹೇಳಿದರು ನೋಡಿ!" ಎಂದು ಎರಡು ಸಲ ಟೇಪು ಹಾಕಿ ಕೇಳಿದರು. ಆಮೇಲೆ ತಮ್ಮ ಎರಡು ನಿಯಮ ಹೇಳಿದರು. ಎದುರಿಗಿರುವವರು ಮಾತು ಮುಗಿಸುವತನಕ ಪೆನ್ನಿನ ಮುಚ್ಚಳ ತೆಗೆಯಬಾರದು. ಬರೆದದ್ದನ್ನು ಅವರಿಗೇ ಓದಿ ಹೇಳಬೇಕು, ಬೇಡವೆಂದದ್ದನ್ನು ಹೊಡೆದುಹಾಕಬೇಕು. ನಾವು ಮುಂದಿನ ರಜೆಯ ಶನಿವಾರ ಮತ್ತೆ ಪದ್ಮಕ್ಕನ ಹತ್ತಿರ ಹೋಗಿ ಓದಿ ಹೇಳಿದೆವು. ಅವರು ಪೂರ್ತಿ ಕೇಳಿ, "ಹೌದು, ಇದು ನಾನೇ" ಎಂದರು. ಆ ಮಾತು ಕೇಳಿ ನನಗೂ ಸಂಶೋಧನೆಯ ಹುಚ್ಚು ಹತ್ತಿತು.

ಹುಚ್ಚು ಎಂದರೆ ನಿಜವಾದ ಹುಚ್ಚು. ಒಮ್ಮೆ ರಜೆ ಹಾಕಿ ತಿರುವನಂತಪುರಕ್ಕೆ ಹೋಗಿ ಅವರ ಕ್ಲಾಸಿನಲ್ಲೇ ಕೂತೆ. ಹಿಂದಿನ ಬೆಂಚು, ಬಕ್ಕತಲೆ, ಪಕ್ಕದಲ್ಲಿ ಇಪ್ಪತ್ತು ವರ್ಷದ ಮಕ್ಕಳು. ಟೀಚರ್ ಬೋರ್ಡಿನ ಮೇಲೆ ಒಂದೇ ಪ್ರಶ್ನೆ ಬರೆದರು, ನಿಮ್ಮದು ಯಾವ ಊರು ಎಂದು. ಅದನ್ನು ನಾಲ್ಕು ಜನ ಕೇಳುತ್ತಾರೆಂದು ತಿಳಿದುಕೊಂಡು ನಾಲ್ಕು ಉತ್ತರ ಬರೆಯಬೇಕು. ವಿಮಾನದಲ್ಲಿ ಪಕ್ಕ ಕೂತ ವಿದೇಶದವನು, ಚೆನ್ನೈ ರೈಲಿನಲ್ಲಿ ಸಿಕ್ಕ ತಮಿಳು ಅಜ್ಜಿ, ಪಕ್ಕದ ಜಿಲ್ಲೆಯವರು, ನಿಮ್ಮದೇ ಬೀದಿಗೆ ಹೊಸದಾಗಿ ಬಂದವರು. ನಾನೂ ಬರೆದೆ. ವಿದೇಶದವನಿಗೆ ಇಂಡಿಯಾ, ತಮಿಳು ಅಜ್ಜಿಗೆ ಕರ್ನಾಟಕ, ತ್ರಿಶೂರಿನವರಿಗೆ ಮೈಸೂರು, ನಮ್ಮ ಬೀದಿಗೆ ಹೊಸದಾಗಿ ಬಂದವರಿಗೆ ಎಂದು ಯೋಚಿಸಿದಾಗ ಕೈ ತಾನಾಗಿ "ಪಾಲಾರಿವಟ್ಟಂ" ಎಂದು ಬರೆದುಬಿಟ್ಟಿತು. ಗಲ್ಫಿನಲ್ಲಿ ಹುಟ್ಟಿದ ಒಬ್ಬ ಹುಡುಗಿ ಎದ್ದು ನಿಂತು, ತನಗೆ ನಾಲ್ಕನೆಯ ಉತ್ತರ ಸಿಗಲಿಲ್ಲ ಎಂದಳು. ಟೀಚರ್ ಅವಳನ್ನು ಕೂರಿಸಲಿಲ್ಲ. "ಮೋಳೇ, ಅದನ್ನೇ ನಿನ್ನ ಪ್ರಾಜೆಕ್ಟ್ ಮಾಡು" ಎಂದು ಮಗಳೆಂದೇ ಕರೆದು ಹೇಳಿದರು. ಕ್ಲಾಸು ಮುಗಿಸುವಾಗ, "ಜನಾಂಗ, ಗುರುತು ಅಂತ ದೊಡ್ಡ ಪುಸ್ತಕ ಓದ್ತೀರಿ. ಉತ್ತರದ ಅರ್ಧ ಕೇಳಿದವರ ಕೈಯಲ್ಲಿದೆ, ಇಷ್ಟು ನೆನಪಿಟ್ಟುಕೊಂಡರೆ ನನಗೆ ಸಾಕು" ಎಂದರು. ವಾಪಸ್ ರೈಲಿನಲ್ಲಿ ಪಕ್ಕದ ಸೀಟಿನವರಿಗೆಲ್ಲ ಈ ಪಾಠವನ್ನು ಮತ್ತೊಮ್ಮೆ ಮಾಡಿದೆ. ಇಬ್ಬರು ಸೀಟು ಬದಲಾಯಿಸಿದರು.

ಇನ್ನು ನಮ್ಮವರ ಒಂದು ಪದ್ಧತಿ ಹೇಳಬೇಕು. ಕೊಚ್ಚಿಯಲ್ಲಿದ್ದ ನಾವು ಕನ್ನಡದ ಬ್ಯಾಂಕಿನವರು ವರ್ಷಕ್ಕೊಮ್ಮೆ ತಪ್ಪದೆ ಊರಿಗೆ ವರ್ಗಾವಣೆ ಕೇಳಿ ಅರ್ಜಿ ಹಾಕುತ್ತಿದ್ದೆವು. ಅದಕ್ಕೆ "ರಿಕ್ವೆಸ್ಟ್ ಹಾಕೋದು" ಎಂದು ಹೆಸರು. ಬೇಸಗೆ ಸಮೀಪಿಸಿದಂತೆ ಯಾರ ಮನೆಯಲ್ಲಿ ಸೇರಿದರೂ ಅದೇ ಮಾತು. "ಹಾಕಿದ್ರಾ?" "ಹಾಕಿದೆ, ನೀವು?" "ಹಾಕದೇ ಇರ್ತೀವಾ?" ಹಾಕದವನನ್ನು ಒಂಥರಾ ನೋಡುತ್ತಿದ್ದರು, ಜನಿವಾರ ಕಿತ್ತೆಸೆದವನ ಹಾಗೆ. ಯಾರಿಗೂ ಸಿಗುತ್ತಿರಲಿಲ್ಲ. ಸಿಗದಿದ್ದದ್ದಕ್ಕೆ ಎಲ್ಲರೂ ಸೇರಿ ಮೇಲಿನವರನ್ನು ಬೈದು, ಬಿಸಿಬೇಳೆಬಾತ್ ತಿಂದು, ಮುಂದಿನ ವರ್ಷ ನೋಡೋಣ ಎಂದು ಏಳುತ್ತಿದ್ದೆವು. ಒಂದು ಯುಗಾದಿಗೆ ಟೀಚರನ್ನೂ ಕರೆದಿದ್ದೆ. ಅವರು ಮೂಲೆಯಲ್ಲಿ ಕೂತು ಒಬ್ಬಟ್ಟು ತಿನ್ನುತ್ತಾ ನನ್ನ ಕೈಯಲ್ಲಿ ಎಲ್ಲರ ಮಾತೂ ಮಲಯಾಳಕ್ಕೆ ಹೇಳಿಸಿಕೊಂಡರು. ಹೊರಡುವಾಗ ಮೆಟ್ಟಿಲ ಮೇಲೆ ನಿಂತು, "ಸಾರೇ, ಯುಗಾದಿ ನಿಮ್ಮ ಎರಡನೇ ಹಬ್ಬ. ಮೊದಲನೇದು ರಿಕ್ವೆಸ್ಟ್" ಎಂದರು. ನಾನು ನಕ್ಕೆ. ಅವರು ನಗದೆ ಚೀಲದಿಂದ ನೋಟ್‌ಬುಕ್ ತೆಗೆದು ಬರೆದುಕೊಂಡರು.

ಆ ವರ್ಷ ನನಗೆ ಸಿಕ್ಕಿಬಿಟ್ಟಿತು! ಮೈಸೂರಿಗೆ ಆರ್ಡರ್. ಒಂದು ತಿಂಗಳೊಳಗೆ ಹೋಗಿ ಸೇರಿಕೊಳ್ಳಬೇಕು. ಆಫೀಸಿನಲ್ಲಿ ಲಡ್ಡು ಹಂಚಿದೆ, ಫೋನಿನಲ್ಲಿ ಊರಿಗೆಲ್ಲ ಸಾರಿದೆ. ಕನ್ನಡದ ಗೆಳೆಯರು ಅಪ್ಪಿಕೊಂಡರು. ಮೇಘನಾ ಆಗತಾನೇ ಹತ್ತನೇ ತರಗತಿ ಮುಗಿಸಿದ್ದಳು. ಮೈಸೂರಿನ ಯಾವ ಕಾಲೇಜು, ಯಾವ ಬಡಾವಣೆಯಲ್ಲಿ ಮನೆ, ಅವಳಿಗೆ ಕನ್ನಡ ಓದುಬರಹ ಕಲಿಸಲು ಯಾವ ಮೇಷ್ಟ್ರು, ಎಲ್ಲ ನಿಶ್ಚಯಿಸಿದೆ. ಅವಳು ಕನ್ನಡ ಅರ್ಥ ಮಾಡಿಕೊಳ್ಳುತ್ತಿದ್ದಳು, ಉತ್ತರ ಮಾತ್ರ ಮಲಯಾಳದಲ್ಲಿ ಕೊಡುತ್ತಿದ್ದಳು. ಅದು ನನಗೆ ವರ್ಷಗಳಿಂದ ಒಳಗೊಳಗೇ ಚುಚ್ಚುತ್ತಿದ್ದ ಮುಳ್ಳು. ಈಗ ಎಲ್ಲ ಸರಿಹೋಗುತ್ತದೆ ಎಂದು ಹಾರಾಡಿದೆ. ಮನೆಯಲ್ಲಿ ಇಬ್ಬರು ಮೌನವಾಗಿದ್ದರು. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಎಂದುಕೊಂಡೆ.

ಟೀಚರದ್ದು ಇನ್ನೊಂದು ಕಟ್ಟಳೆ ಬಾಕಿಯಿತ್ತು. ಸಂಶೋಧನೆಗೆ ಸಹಾಯ ಮಾಡಿದವರು ತಮ್ಮ ಮನೆಯವರ ಉತ್ತರವನ್ನೂ ಕೊಡಬೇಕು. ಊರು ಬಿಡುವ ಮೊದಲು ಅದನ್ನು ಮುಗಿಸಿಕೊಡೋಣವೆಂದು ಮೂರು ಪ್ರಶ್ನಾವಳಿ ತುಂಬಿಕೊಂಡು ಹೋಗಿ ಕೊಟ್ಟೆ. ನನ್ನದು, ಉಮಾಳದು, ಮೇಘನಾಳದು. ಕೊನೆಯ ಪುಟದಲ್ಲಿ ಪೆನ್ಸಿಲಿನ ಚಿಹ್ನೆ, ಅದರ ಮೇಲೆ ಅವರವರ ಸಹಿ. ಟೀಚರ್ ಮೂರನ್ನೂ ಓದಿ, ಕನ್ನಡಕ ತೆಗೆದು ಒರೆಸಿದರು.

"ತುಂಬಿದ್ದು ಯಾರು?"

"ನಾನೇ. ಪಾಪ, ಅವರಿಗ್ಯಾಕೆ ತೊಂದರೆ ಅಂತ."

"ಸಾರೇ, ನನ್ನ ಕೈಯಲ್ಲಿ ಮೂರು ಕಾಗದ ಇದೆ. ಮನುಷ್ಯರು ಒಬ್ಬರೇ ಇದ್ದಾರೆ."

ಒಂದು ವರ್ಷ ಅವರ ಜೊತೆ ಸುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕೇಳಿದ್ದೆ. ಪರರ ಮನೆಯಲ್ಲಿ ಪೆನ್ನಿನ ಮುಚ್ಚಳ ಮುಟ್ಟದಷ್ಟು ಪಳಗಿದ್ದೆ. ಸ್ವಂತ ಮನೆಯಲ್ಲಿ ಮತ್ತೆ ಬ್ಯಾಂಕಿನ ಕೌಂಟರ್ ತೆರೆದಿದ್ದೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವ ಗಾದೆಯನ್ನು ನನ್ನ ಅಮ್ಮ ಬೇರೆ ಯಾರಿಗೋ ಹೇಳುತ್ತಿದ್ದಳು, ಅವತ್ತು ನನಗೇ ಹೇಳಿದಂತಿತ್ತು.

ಮುಂದಿನ ಭಾನುವಾರ ಟೀಚರ್ ಪಾಲಾರಿವಟ್ಟಂಗೆ ಬಂದರು. ನನ್ನನ್ನು ಬೇಕರಿಗೆ ಅಟ್ಟಿದರು. ನಾನು ಜಂಕ್ಷನ್ನಿನ ತನಕ ಹೋಗಿ, ಒಂದು ಕಿಲೋ ಹಲ್ವ ಕಟ್ಟಿಸಿಕೊಂಡು, ವಾಪಸ್ ಬಂದು ಮೆಟ್ಟಿಲ ಮೇಲೆ ಕೂತೆ. ಒಳಗೆ ಮೇಘನಾಳ ಧ್ವನಿ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ನನ್ನ ಮಗಳು ಅಷ್ಟು ಹೊತ್ತು ಒಂದೇ ಸಮನೆ ಮಾತಾಡುವುದು ನನಗೆ ಗೊತ್ತೇ ಇರಲಿಲ್ಲ. ಬಾಗಿಲು ತೆರೆದಾಗ ಹಲ್ವ ಮೈಯೆಲ್ಲ ಎಣ್ಣೆ ಬಿಟ್ಟುಕೊಂಡಿತ್ತು.

ಉತ್ತರ ಕೊಟ್ಟವರು ಒಪ್ಪಿದರೆ ಮಾತ್ರ ಮನೆಯವರ ಮುಂದೆ ಓದಬಹುದು. ಉಮಾ ಒಪ್ಪಲಿಲ್ಲ. ಅವಳು ಏನು ಹೇಳಿದಳೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಕೇಳಿದರೆ, "ಸಂಶೋಧನೆ ಗುಟ್ಟು" ಎನ್ನುತ್ತಾಳೆ. ಮೇಘನಾ ಒಪ್ಪಿದಳು. "ಟೀಚರೇ ಓದಲಿ. ನಾನು ಹೇಳಿದರೆ ಅಪ್ಪ ಮಧ್ಯದಲ್ಲಿ ಮಾತಾಡ್ತಾರೆ" ಎಂದಳು. ಟೀಚರ್ ಓದಿದರು. ಅದು ಮಲಯಾಳದಲ್ಲಿತ್ತು. ನನ್ನ ಮನಸ್ಸಿನಲ್ಲಿ ಉಳಿದಿರುವುದು ಹೀಗೆ.

"ಮೈಸೂರು ಅಪ್ಪನ ಊರು. ರಜೆಯಲ್ಲಿ ಹೋಗೋಕೆ ನನಗೆ ತುಂಬಾ ಇಷ್ಟ. ನಾನು ಕನ್ನಡ ಮಾತಾಡಿದರೆ ಅಲ್ಲಿ ಅಣ್ಣತಮ್ಮಂದಿರು ನಗ್ತಾರೆ, ಅದಕ್ಕೆ ಬೇಜಾರಿಲ್ಲ. ನನ್ನ ಊರು ಇದು. ಅಪ್ಪ ಕನ್ನಡದಲ್ಲಿ ಬೈದರೂ ಇಷ್ಟ, ಹಾಡಿದರೂ ಇಷ್ಟ, ನನಗೆ ಎಲ್ಲ ಅರ್ಥವಾಗುತ್ತೆ. ಇಲ್ಲೇ ಓದಬೇಕು ಅಂತ ನನಗೆ ಆಸೆ. ಹೋಗೋಣವಾ ಅಂತ ನನ್ನನ್ನ ಯಾರೂ ಕೇಳಿಲ್ಲ. ಲಡ್ಡು ಕೊಟ್ಟರು."

ಟೀಚರ್ ಕಾಗದ ಮಡಚಿ, ಏನಾದರೂ ಹೊಡೆದುಹಾಕಬೇಕೇ ಎಂದು ಅವಳನ್ನು ಕೇಳಿದರು. ಅವಳು ಬೇಡವೆಂದು ತಲೆಯಾಡಿಸಿದಳು. ನನಗೆ ನಾಚಿಕೆಯಾಯಿತು, ಅಷ್ಟೇ ಜೋರಾಗಿ ಹೆಮ್ಮೆಯೂ ಆಯಿತು. ಹದಿನಾರರ ಹುಡುಗಿ ಎಷ್ಟು ಸ್ಪಷ್ಟವಾಗಿ ಮಾತಾಡಿದ್ದಳು! ಮರುದಿನ ಆಫೀಸಿಗೆ ಹೋದವನೇ ಆರ್ಡರ್ ಬೇಡವೆಂದು ಬರೆದುಕೊಟ್ಟೆ. ಕನ್ನಡದ ಗೆಳೆಯರು ಹೌಹಾರಿದರು. ಕೈಗೆ ಬಂದ ತುತ್ತನ್ನು ಯಾರಾದರೂ ಬಿಡುತ್ತಾರೆಯೇ? ಕೇಳಿದವರಿಗೆಲ್ಲ ನಾನು ತಲೆ ಸ್ವಲ್ಪ ಬಗ್ಗಿಸಿ, "ಏನು ಮಾಡೋದು, ಮಗಳಿಗೋಸ್ಕರ" ಎನ್ನುತ್ತಿದ್ದೆ. ಎಲ್ಲರೂ ಅಯ್ಯೋ ಎನ್ನುತ್ತಿದ್ದರು. ನಿಜ ಹೇಳುತ್ತೇನೆ, ಆ ಅಯ್ಯೋ ಬಹಳ ರುಚಿಯಾಗಿತ್ತು. ಒಂಬತ್ತು ವರ್ಷ ಅದನ್ನು ಚಪ್ಪರಿಸಿದ್ದೇನೆ. ಮದುವೆಮನೆಗಳಲ್ಲಿ, ಮೈಸೂರಿಗೆ ಹೋದಾಗ, ನಿವೃತ್ತಿಯ ದಿನದ ಭಾಷಣದಲ್ಲಿ. ಮುಂದಿನ ಸಾಲಿನಲ್ಲಿ ಮೇಘನಾ ಕೂತಿದ್ದಳು.

ಹೀಗೆ ಏಣಿಯ ಮೇಲೆ ಶುರುವಾದದ್ದು ಕೊಚ್ಚಿಯಿಂದ ಹೊರಟ ರೈಲಿನಲ್ಲೂ ಮುಂದುವರಿದು, ತಿರುವನಂತಪುರ ಬಂದದ್ದೇ ತಿಳಿಯಲಿಲ್ಲ. ಸ್ಟೇಷನ್ನಿನ ಹೊರಗೆ ಮೇಘನಾ ಕಾಯುತ್ತಿದ್ದಳು. ತಂಬಾನೂರಿನ ಒಂದು ಹೋಟೆಲಿನಲ್ಲಿ ಮೂಲೆಯ ಮೇಜು ಹಿಡಿದೆವು. ಪರಿಪ್ಪುವಡೆ, ಚಹಾ ಬಂತು. ನಾನು ಬಾಯಿಗೆ ವಡೆ ತುರುಕಿಕೊಂಡೆ, ಮಾತು ಹೊರಗೆ ಬರದಿರಲಿ ಎಂದು. ಕೊಲ್ಲಂ ಹುಡುಗನ ಹೆಸರೇನಿರಬಹುದು?

ಹುಡುಗನೂ ಇರಲಿಲ್ಲ, ಕೊಲ್ಲಮ್ಮೂ ಇರಲಿಲ್ಲ. ಪಿಎಚ್.ಡಿ.ಗೆ ಎರಡು ಕಡೆ ಸೀಟು ಸಿಕ್ಕಿತ್ತು. ಒಂದು ಇಲ್ಲೇ ತಿರುವನಂತಪುರದಲ್ಲಿ. ಇನ್ನೊಂದು ಮೈಸೂರಿನಲ್ಲಿ. ಮೈಸೂರಿನದು ಹೇಳುವಾಗ ಅವಳ ಕೈ ಮೇಜಿನ ಮೇಲೆ ನಿಲ್ಲುತ್ತಿರಲಿಲ್ಲ. "ಅಪ್ಪ, ಕರ್ನಾಟಕದಲ್ಲಿ ಊರೂರಿಗೂ ಮಲಯಾಳಿಗಳ ಬೇಕರಿ ಇದೆಯಲ್ಲ, ಆ ಬೇಕರಿಯವರ ಮಕ್ಕಳು! ಅಪ್ಪ ಅಮ್ಮ ಮಲಯಾಳದಲ್ಲಿ ಕೇಳಿದರೆ ಕನ್ನಡದಲ್ಲಿ ಉತ್ತರ ಕೊಡೋ ಮಕ್ಕಳು. ನನ್ನ ಥರಾನೇ, ಉಲ್ಟಾ. ಅವರನ್ನ ಕೇಳಿದವರೇ ಇಲ್ಲ. ಅಣ್ಣಮ್ಮ ಟೀಚರಿಗೆ ಫೋನ್ ಮಾಡಿ ಹೇಳಿದೆ, ರಿಟೈರ್ ಆಗಿದ್ದರೂ ಕೋಟ್ಟಯದಿಂದ ಎದ್ದು ಬಂದುಬಿಡ್ತೀನಿ ಅಂದರು."

ನನಗೆ ಕೂರಲಾಗಲಿಲ್ಲ. ಎಂಥ ವಿಷಯ! ಯಾವ ವೃತ್ತದಲ್ಲಿ ಯಾರ ಬೇಕರಿ, ಯಾವ ಬೇಕರಿಯ ಪಫ್ಸು ಒಳ್ಳೆಯದು ಎಂದು ಹೇಳಲು ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿದೆ. ಅಷ್ಟು ಹೊತ್ತು ಮಿಂಚುತ್ತಿದ್ದ ಮುಖ ಸಪ್ಪಗಾಗಿತ್ತು.

"ಆದರೆ ನನಗೆ ಗೊತ್ತಾಗ್ತಿಲ್ಲ ಅಪ್ಪ, ನಾನು ಅಲ್ಲಿಗೆ ಹೋಗ್ತಿರೋದು ಈ ಕೆಲಸಕ್ಕಾ, ಇಲ್ಲಾ ನಿನ್ನ ಲೆಕ್ಕ ತೀರಿಸೋಕಾ. ನನ್ನಿಂದ ತಾನೇ ನಿನ್ನ ಊರು ತಪ್ಪಿದ್ದು. ಪ್ರತಿ ಸಲ ನೀನು ಯಾರ ಮುಂದಾದರೂ ಮಗಳಿಗೋಸ್ಕರ ಅಂದಾಗ ನನಗೆ ಎದ್ದು ಹೋಗಿಬಿಡೋಣ ಅನ್ನಿಸ್ತಿತ್ತು. ನೀನು ಅವತ್ತು ತುಂಬಾ ಬೇಜಾರು ಮಾಡಿಕೊಂಡೆಯಾ?"

ಒಂಬತ್ತು ವರ್ಷ ನಾನು ಚಪ್ಪರಿಸಿದ್ದು ಇವಳಿಗೆ ಇಷ್ಟು ಕಹಿಯಾಗಿತ್ತು. ಏನೂ ಇಲ್ಲಮ್ಮ, ಊರು ನಿನಗಿಂತ ಹೆಚ್ಚಾ, ಎಂಬ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಹೇಳಿದ್ದರೆ ಮತ್ತೊಮ್ಮೆ ತ್ಯಾಗವೇ ಆಗುತ್ತಿತ್ತು. ಅವಳು ಕಾಯುತ್ತಿದ್ದಳು. ಅವತ್ತು ಆಫೀಸಿನಲ್ಲಿ ಆರ್ಡರ್ ಬೇಡವೆಂದು ಬರೆದುಕೊಟ್ಟ ಮೇಲೆ ಏನು ಮಾಡಿದೆ ಎಂದು ಯೋಚಿಸಿದೆ. ಮನೆಗೆ ಹೋಗಿರಲಿಲ್ಲ. ದೋಣಿ ನಿಲ್ಲುವ ಜೆಟ್ಟಿಗೆ ಹೋಗಿ ಮಟ್ಟಾಂಚೇರಿ ದೋಣಿ ಹತ್ತಿದ್ದೆ. ಅಲ್ಲಿ ಇಳಿಯದೆ ಅದೇ ದೋಣಿಯಲ್ಲಿ ವಾಪಸ್ ಬಂದು, ಮತ್ತೆ ಹತ್ತಿದ್ದೆ. ಶಾಲೆಗೆ ರಜೆ ಸಿಕ್ಕ ಹುಡುಗನ ಹಾಗೆ. ಮುಖಕ್ಕೆ ಗಾಳಿ ಹೊಡೆಯುತ್ತಿತ್ತು. ಈ ಸಂಗತಿಯನ್ನು ನಾನು ಉಮಾಳಿಗೂ ಹೇಳಿರಲಿಲ್ಲ, ನನಗೂ ಹೇಳಿಕೊಂಡಿರಲಿಲ್ಲ.

"ಬೇಜಾರಾಗಲಿಲ್ಲ ಮಗಳೇ" ಎಂದೆ. ಅವಳು ತಲೆಯಾಡಿಸಿದಳು, ನಂಬಲಿಲ್ಲ. "ಕೇಳು. ನನಗೂ ಹೋಗೋಕೆ ಇಷ್ಟ ಇರಲಿಲ್ಲ. ರಿಕ್ವೆಸ್ಟ್ ಹಾಕ್ತಿದ್ದೆ, ಎಲ್ಲರೂ ಹಾಕ್ತಿದ್ದರು ಅಂತ. ಸಿಕ್ಕಿದ ದಿನ ಲಡ್ಡು ಹಂಚಿದೆನಲ್ಲ, ನಾನು ಮಾತ್ರ ಒಂದೂ ತಿಂದಿರಲಿಲ್ಲ. ಇಲ್ಲಿ ನಾನು ಮೈಸೂರಿನವನು. ಬೀದಿಯಲ್ಲಿ, ಬ್ಯಾಂಕಿನಲ್ಲಿ, ಎಲ್ಲರಿಗೂ ನಾನು ಮೈಸೂರ್ ಸಾರ್. ಅಲ್ಲಿಗೆ ಹೋದರೆ ಎಲ್ಲರೂ ಮೈಸೂರಿನವರೇ. ನಾನು ಯಾರಾಗಿರಲಿ? ನೀನು ಬೇಡ ಅಂದೆ, ನಾನು ಬಚಾವಾದೆ. ಬಚಾವಾಗಿ ಅದನ್ನ ನಿನ್ನ ತಲೆಗೆ ಕಟ್ಟಿದೆ. ನನ್ನಿಂದ ತಪ್ಪಾಯ್ತು."

ಪಕ್ಕದ ಮೇಜಿನವರು ತಿರುಗಿ ನೋಡಿದರು, ನೋಡಲಿ ಎಂದು ಬಿಟ್ಟೆ. ಮೇಘನಾ ಕರ್ಚೀಫಿನಿಂದ ಕಣ್ಣೊರೆಸಿಕೊಂಡು, ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದು, ವಡೆಯ ತಟ್ಟೆಯನ್ನು ಅತ್ತ ಸರಿಸಿದಳು. ಮೈಸೂರಿನ ಅರ್ಜಿ ತೆರೆಯಿತು. ಒಪ್ಪಿಗೆ ಎಂಬಲ್ಲಿ ಒತ್ತುವ ಮುಂಚೆ ನಿಂತಳು.

"ಈಗ ಹೋಗಬೇಕು ಅನ್ನಿಸ್ತಿದೆ ಅಪ್ಪ" ಎಂದಳು. "ನಿನಗೋಸ್ಕರ ಅಲ್ಲ."

"ನನಗೋಸ್ಕರವಂತೂ ಬೇಡವೇ ಬೇಡ" ಎಂದೆ. ಅವಳು ನಗುತ್ತಾ ಒತ್ತಿದಳು.